ಉರಿ ಹಾಕಿದ ಮನೆ

ನಾನು ನಿವೃತ್ತನಾದ ದಿನ ಶಾಲು ಹೊದಿಸಿ, ಕೊರಳಿಗೆ ಹಾರ ಹಾಕಿ, ‘ಮಕ್ಕಳಿಗೆ ಬರವಣಿಗೆಯ ರುಚಿ ಹತ್ತಿಸಿದ ಮೇಷ್ಟ್ರು’ ಎಂದು ಭಾಷಣ ಮಾಡಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಎಷ್ಟು ವಿನಯ ನೋಡಿ ಎಂದು ಮುಂದಿನ ಸಾಲಿನಲ್ಲಿ ಯಾರೋ ಅಂದದ್ದು ಕೇಳಿಸಿತು. ಅದು ವಿನಯವಲ್ಲ, ನಾಚಿಕೆ. ರುಚಿ ಹತ್ತಿಸಿದ್ದು ನಿಜ. ಆದರೆ ಒಂದು ಮಗುವಿನ ಬಾಯಿಂದ ಆ ರುಚಿಯನ್ನು ಕಿತ್ತುಕೊಂಡದ್ದೂ ನಾನೇ. ಅದನ್ನು ಹೇಳುವ ಧೈರ್ಯ ಅಂದು ಬರಲಿಲ್ಲ. ಈಗ ಬರೆಯುತ್ತಿದ್ದೇನೆ.

ಆ ಊರಿಗೆ ವರ್ಗವಾಗಿ ಹೋದಾಗ ನನಗೆ ಮೂವತ್ನಾಲ್ಕು. ಮದುವೆಯಾಗಿರಲಿಲ್ಲ. ಶಾಲೆಗೆ ನಾನೊಬ್ಬನೇ ಮೇಷ್ಟ್ರು, ಅದರ ಹಿಂದಿನ ಒಂಟಿ ಕೋಣೆಯೇ ನನ್ನ ಮನೆ. ಊರಿನ ಗೋಡೆಗಳ ಮೇಲೆ ಕ್ಯಾಲೆಂಡರುಗಳು ತೂಗುತ್ತಿದ್ದವು, ಆದರೆ ಅವುಗಳ ಕೆಂಪು ಅಂಕಿಗಳನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಲ್ಲಿ ಹಬ್ಬ ಊರಿಗೆ ಬರುತ್ತಿರಲಿಲ್ಲ, ಮನೆಗೆ ಬರುತ್ತಿತ್ತು. ಒಂದು ಸಲಕ್ಕೆ ಒಂದೇ ಮನೆಗೆ. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋದರೆ ಒಲೆಯಲ್ಲಿ ಬೂದಿ ತಣ್ಣಗಿರುತ್ತದೆ, ಹಂಡೆಯ ನೀರು ಮಾತ್ರ ಬಿಸಿಯಾಗಿರುತ್ತದೆ. ಅಂದು ಆ ಮನೆಯಲ್ಲಿ ಹಬ್ಬ.

ಆ ಮನೆಯ ಮಗು ಶಾಲೆಗೆ ಓಡಿ ಬಂದು, “ಮೇಷ್ಟ್ರೇ, ನಮ್ಮನೇಲಿ ನೀರು ಬಿಸಿಯಾಗೈತೆ” ಎನ್ನಬೇಕು. ನಾನು ಶಾಲೆಯ ಗಂಟೆಯನ್ನು ಏಳು ಸಲ ಬಾರಿಸಬೇಕು. ಊರಲ್ಲಿ ಗಂಟೆ ಅಂತ ಇದ್ದದ್ದು ಅದೊಂದೇ. ಜನ ಕೈಯಲ್ಲೊಂದು ಚೊಂಬು ಹಿಡಿದು ಶಾಲೆಯ ಮುಂದೆ ಸೇರುತ್ತಾರೆ. ಯಾರ ಮನೆ ಎಂದು ನಾನು ಹೇಳುತ್ತೇನೆ. ಎಲ್ಲರೂ ಆ ಮನೆಗೆ ನಡೆಯುತ್ತಾರೆ. ಊರ ಹಿರಿಯ ಭದ್ರಯ್ಯನವರು ಹಂಡೆಗೆ ಬೆರಳು ಅದ್ದಿ, “ಬಂದೈತೆ” ಎಂದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಚೊಂಬು ಬಿಸಿನೀರು. ಅದನ್ನು ಒಯ್ದು ತಮ್ಮ ತಮ್ಮ ಮಕ್ಕಳ ತಲೆಗೆ ಹೊಯ್ಯುತ್ತಾರೆ. ಮನೆಯವರು ಕೈಲಾದದ್ದನ್ನು ಕೊಡುತ್ತಾರೆ, ಉಳ್ಳವರಾದರೆ ಹೋಳಿಗೆ, ಇಲ್ಲದವರಾದರೆ ಒಂದು ಚೂರು ಬೆಲ್ಲ. ಬಂದ ಹೊಸತರಲ್ಲಿ ಇದು ಹೇಗೆ ಎಂದು ಭದ್ರಯ್ಯನವರನ್ನು ಕೇಳಿದ್ದೆ. ಅವರು ನನ್ನನ್ನೇ ತಿರುಗಿ ಕೇಳಿದರು: “ನಿಮ್ ಕಡೆ ಹಬ್ಬ ಪಂಚಾಂಗ ನೋಡ್ಕೊಂಡು ಬತ್ತದಂತಲ್ಲ ಮೇಷ್ಟ್ರೇ, ಅದ್ ಹೆಂಗೆ?” ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಕೆಲವು ಮನೆಗಳಿಗೆ ವರ್ಷಕ್ಕೆ ಎರಡು ಸಲ ಬರುತ್ತಿತ್ತು. ಕೆಲವಕ್ಕೆ ನಾಲ್ಕೈದು ವರ್ಷಕ್ಕೊಮ್ಮೆ. ಹತ್ತು ವರ್ಷವಾದರೂ ನನ್ನ ಕೋಣೆಯ ಹಂಡೆಗೆ ಬಂದೇ ಇರಲಿಲ್ಲ. ಹೊರಗಿನವನು, ಇವತ್ತು ಇದ್ದು ನಾಳೆ ಹೋಗುವವನು, ನನಗೆ ಯಾಕೆ ಬಂದೀತು ಎಂದು ಸಮಾಧಾನ ಮಾಡಿಕೊಂಡಿದ್ದೆ. ಆದರೂ ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಹಂಡೆಗೆ ಕೈ ಹಾಕಿ ನೋಡುತ್ತಿದ್ದೆ. ಇದನ್ನು ಯಾರಿಗೂ ಹೇಳಿಲ್ಲ.

ನನ್ನ ಗೋಳು ಬೇರೆಯೇ ಇತ್ತು. ಮೂರನೇ ತರಗತಿಯ ಮಕ್ಕಳು ಬರೆಯುತ್ತಿರಲಿಲ್ಲ. ಮಾತಿಗೆ ಬಿಟ್ಟರೆ ಸಂತೆ ನೆರೆಸುವ ಮಕ್ಕಳು, ಪೆನ್ಸಿಲ್ ಕೊಟ್ಟ ತಕ್ಷಣ ಮೂಕರಾಗುತ್ತಿದ್ದರು. ಮಳೆಯ ಬಗ್ಗೆ ಬರೀರಿ ಅಂದರೆ ‘ಮಳೆ ಬರುತ್ತದೆ. ನಾವು ನೆನೆಯುತ್ತೇವೆ. ಶೀತ ಆಗುತ್ತದೆ’ ಎಂದು ಮುಗಿಸುತ್ತಿದ್ದರು. ಏನೂ ತೋಚದಿದ್ದರೆ ಎಲ್ಲರಿಗೂ ಬಾಯಿಪಾಠವಾಗಿದ್ದ ಒಂದು ಸಾಲಿತ್ತು: ‘ಹಸು ಸಾಧು ಪ್ರಾಣಿ.’ ಅಂಗಡಿಯ ಬಗ್ಗೆ ಕೇಳಿದರೂ ಹಸು, ಅಜ್ಜಿಯ ಬಗ್ಗೆ ಕೇಳಿದರೂ ಹಸು. ಗದರಿದೆ, ಪುಸಲಾಯಿಸಿದೆ, ಶೇಂಗಾ ಚಿಕ್ಕಿಯ ಆಸೆ ತೋರಿಸಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಒಂದು ದಿನ ತರಗತಿಯ ಹುಡುಗನೊಬ್ಬನ ಮನೆಗೆ ಹಬ್ಬ ಬಂತು. ಮರುದಿನ ಅವನು ನಾನು ಕೇಳದೆಯೇ ಎರಡು ಪುಟ ಬರೆದುಕೊಂಡು ಬಂದ. ಕಾಗುಣಿತವೆಲ್ಲ ಉಲ್ಟಾಪಲ್ಟಾ. ಆದರೆ ಅದರಲ್ಲಿ ಅವರಜ್ಜ ಹೋಳಿಗೆಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡದ್ದಿತ್ತು, ತುಪ್ಪ ಸೋರಿ ಇರುವೆ ಹತ್ತಿದ್ದಿತ್ತು. ಅದನ್ನು ಗಟ್ಟಿಯಾಗಿ ಓದಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಬರೆದವನ ಮುಖ ನೋಡಬೇಕಿತ್ತು, ರಾಜ್ಯ ಗೆದ್ದವನ ಹಾಗೆ ಕೂತಿದ್ದ. ಅಂದೇ ಪೇಟೆಗೆ ಹೋಗಿ ಕೆಂಪು ಬಟ್ಟೆಯ ರಟ್ಟಿನ ದೊಡ್ಡ ಪುಸ್ತಕವೊಂದನ್ನು ತಂದೆ. ಮೇಲೆ ‘ಹಬ್ಬದ ಪುಸ್ತಕ’ ಎಂದು ಬರೆದೆ. ಯಾರ ಮನೆಗೆ ಹಬ್ಬ ಬಂದರೂ ಆ ಮಗು ಅದರಲ್ಲಿ ಬರೆಯಬೇಕು, ನಾನು ಎಲ್ಲರ ಮುಂದೆ ಓದಬೇಕು. ಹಬ್ಬ ಬಾರದ ಮನೆಯ ಮಕ್ಕಳು ಬೇರೆಯವರ ಮನೆಯಲ್ಲಿ ತಾವು ಕಂಡದ್ದನ್ನು ಬರೆಯಬೇಕು.

ಮೂರು ತಿಂಗಳಲ್ಲಿ ತರಗತಿ ಬದಲಾಯಿತು. ಪುಸ್ತಕಕ್ಕಾಗಿ ಜಗಳ ಹತ್ತಿತು. ನನ್ನ ಕಾಲು ನೆಲದ ಮೇಲೆ ನಿಲ್ಲದಾಯಿತು ಎಂದರೂ ತಪ್ಪಿಲ್ಲ. ಜಿಲ್ಲೆಯ ಕಚೇರಿಗೆ ಉದ್ದದ ಕಾಗದ ಬರೆದೆ, ಹೊಸ ವಿಧಾನ ಕಂಡುಹಿಡಿದಿದ್ದೇನೆ, ಬಂದು ನೋಡಬೇಕು ಎಂದು.

ಚಿಕ್ಕತಾಯಿ ಬಾಗಿಲ ಪಕ್ಕ ಕೂರುತ್ತಿದ್ದ ಹುಡುಗಿ. ಎಂಟು ವರ್ಷ. ತಂದೆ ಇರಲಿಲ್ಲ. ತಾಯಿ ದೇವೀರಮ್ಮ ಪಾತ್ರೆಗಳಿಗೆ ಬೆಸುಗೆ ಹಾಕುವಾಕೆ. ಊರಿನ ಯಾವ ಹಂಡೆ ಸೋರಿದರೂ, ಯಾವ ಚೊಂಬಿನ ತಳ ಬಿಟ್ಟರೂ ದೇವೀರಮ್ಮನ ಜಗಲಿಗೇ ಬರಬೇಕು. ಆದರೆ ಅವರ ಮನೆಗೆ ಹಬ್ಬ ಬಂದದ್ದನ್ನು ಕಂಡವರಿಲ್ಲ. ಚಿಕ್ಕತಾಯಿ ಹುಟ್ಟಿದ ಮೇಲೆ ಒಂದು ಸಲವೂ ಇಲ್ಲ. ಅವಳು ಬೇರೆಯವರ ಮನೆಯ ಹಬ್ಬದ ಬಗ್ಗೆ ಬರೆಯುತ್ತಿದ್ದಳು, ಪ್ರತಿ ಸಲವೂ ನಾಲ್ಕೇ ಸಾಲು. ‘ಹೋದೆವು. ನೀರು ಕೊಟ್ಟರು. ಬೆಲ್ಲ ಕೊಟ್ಟರು. ಬಂದೆವು.’ ನಾನು ಅದನ್ನು ಗಟ್ಟಿಯಾಗಿ ಓದುತ್ತಿರಲಿಲ್ಲ. ಓದುವಂಥದ್ದೇನೂ ಇರಲಿಲ್ಲ.

ಒಂದು ಸೋಮವಾರ ಅವಳು ಪುಸ್ತಕ ಬೇಕೆಂದು ಕೇಳಿದಳು. ಮಧ್ಯಾಹ್ನವೆಲ್ಲ ಕೂತು ಬರೆದಳು. ಮಕ್ಕಳೆಲ್ಲ ಹೋದ ಮೇಲೆ ತಂದು ನನ್ನ ಮೇಜಿನ ಮೇಲಿಟ್ಟಳು. ಮೂರು ಪುಟ. ಮೇಲೆ ‘ನಮ್ಮ ಮನೆಯ ಹಬ್ಬ’ ಎಂದಿತ್ತು. ಅದರಲ್ಲಿ ಕೆಲವು ಸಾಲುಗಳು ನನಗೆ ಈಗಲೂ ನೆನಪಿವೆ. ‘ಅಮ್ಮ ಹಂಡೆಗೆ ಕೈ ಹಾಕಿದಳು. ಕೈ ತೆಗೆಯಲೇ ಇಲ್ಲ. ನನ್ನನ್ನು ಕೂಗಿದಳು. ನಾನೂ ಹಾಕಿದೆ. ನೀರೊಳಗೆ ಅಮ್ಮ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಜನ ಬಂದರು. ಎಲ್ಲರ ಚೊಂಬಿಗೂ ಅಮ್ಮ ಹಾಕಿದ ಬೆಸುಗೆ ಇತ್ತು. ಒಂದೂ ಸೋರಲಿಲ್ಲ.’

ಓದಿ ಮುಗಿಸಿ ಮತ್ತೊಮ್ಮೆ ಮೊದಲಿನಿಂದ ಓದಿದೆ. ಗಂಟೆ ಬಾರಿಸುವವನು ನಾನೇ ಆದ್ದರಿಂದ, ಇದು ನಡೆದದ್ದಲ್ಲ ಎಂದು ಊರಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

“ಚಿಕ್ಕತಾಯಿ, ಇದು ಯಾವಾಗ ಆದದ್ದವ್ವ?” ಎಂದೆ.

“ಆಗಿಲ್ಲ ಮೇಷ್ಟ್ರೇ. ಆದ್ರೆ ಹಿಂಗೇ ಆಯ್ತದೆ” ಎಂದಳು. ಆಮೇಲೆ ಪುಸ್ತಕದ ಮೇಲೆ ಕೈಯಿಟ್ಟು, “ಇದ್ನ ಓದ್ಬೇಡಿ. ಸುಮ್ನೆ ಇಟ್ಕಳಿ” ಎಂದಳು.

“ಓದಲ್ಲ” ಎಂದೆ.

“ಆಣೆ?”

“ಆಣೆ” ಎಂದು ಅವಳ ಅಂಗೈ ಮೇಲೆ ಕೈಯಿಟ್ಟೆ. ಅವಳ ಅಂಗೈಯಲ್ಲಿ ಇದ್ದಿಲ ಮಸಿ ಇತ್ತು, ಬೆಸುಗೆಯ ಬೆಂಕಿಗೆ ಗಾಳಿಯೂದುವ ತಿದಿಯನ್ನು ತಾಯಿಗೆ ಒತ್ತಿಕೊಡುತ್ತಿದ್ದಳು.

ಅದಾದ ಹತ್ತು ದಿನಕ್ಕೆ ಇನ್ಸ್‌ಪೆಕ್ಟರು ಬಂದರು. ದೂರದ ಪಟ್ಟಣದವರು, ಬಿಳಿ ಪ್ಯಾಂಟು, ಕಂಕುಳಲ್ಲಿ ಚರ್ಮದ ಚೀಲ. ಹಬ್ಬದ ಪುಸ್ತಕವನ್ನು ತಿರುವಿಹಾಕಿದರು. ಹೋಳಿಗೆಗೆ ಇರುವೆ ಹತ್ತಿದ್ದನ್ನು ಓದಿ ಮುಗುಳ್ನಕ್ಕರು. “ಚೆನ್ನಾಗಿದೆ. ಇನ್ನೂ ಒಳ್ಳೆಯದು ಏನಾದರೂ ಇದೆಯೋ?” ಎಂದರು. ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನನ್ನ ನಾಲಿಗೆ ತುರಿಸಿತು. ಪುಸ್ತಕ ಕೈಗೆತ್ತಿಕೊಂಡು, ಇಡೀ ತರಗತಿಯ ಮುಂದೆ, ‘ನಮ್ಮ ಮನೆಯ ಹಬ್ಬ’ವನ್ನು ಓದಿದೆ. ಚೆನ್ನಾಗಿಯೇ ಓದಿದೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ. ಬಾಗಿಲ ಕಡೆಗೆ ನೋಡದ ಹಾಗೆ ಎಚ್ಚರ ವಹಿಸಿದೆ. ಆಣೆ ನೆನಪಿರಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಪ್ರತಿ ಸಾಲಿಗೂ ನೆನಪಿತ್ತು.

ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಇದನ್ನು ಎಂಟು ವರ್ಷದ ಮಗು ಬರೆದದ್ದೇ? ನೀವು ಹೇಳಿ ಬರೆಸಿದ್ದೇ? ನಿಜ ಹೇಳಿ. ಇದೇ ಜಿಲ್ಲೆಯ ಮೂರು ಶಾಲೆಗಳಲ್ಲಿ ಮೇಷ್ಟ್ರುಗಳೇ ಬರೆಸಿದ್ದನ್ನು ಹಿಡಿದಿದ್ದೇನೆ. ಇದು ನಡೆದ ಸಂಗತಿಯೇ?”

‘ಅದು ಆ ಮಗುವಿನ ಆಸೆ ಸಾರ್’ ಎಂದು ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಬಹುಶಃ ಅವರು ಇನ್ನೂ ಮೆಚ್ಚುತ್ತಿದ್ದರು. ಆದರೆ ಕಳ್ಳನೆನಿಸಿಕೊಳ್ಳುತ್ತೇನೆ ಎಂಬ ಭಯಕ್ಕೆ ಬಾಯಿ ತಾನಾಗಿ ತೆರೆದುಕೊಂಡಿತು. “ನಡೆದದ್ದೇ ಸಾರ್. ಇವತ್ತು ಬೆಳಿಗ್ಗೆಯೇ ನೀರು ಬಿಸಿಯಾಗಿದೆ” ಎಂದುಬಿಟ್ಟೆ. ಇವತ್ತು ಎಂದು ಯಾಕೆ ಹೇಳಿದೆನೋ. ಹಿಂದೆ ಯಾವಾಗಲೋ ಆದದ್ದು ಅಂದರೆ ಮಕ್ಕಳು ಇಲ್ಲ ಎನ್ನುತ್ತಾರೆ, ಇವತ್ತಿನದಾದರೆ ಅವರಿಗೂ ಗೊತ್ತಿರುವುದಿಲ್ಲ ಎಂಬ ಅಡ್ಡಬುದ್ಧಿ ಇರಬೇಕು. ಬೆಳಿಗ್ಗೆ ನೀರು ಬಿಸಿಯಾದರೆ ಜನ ಬಂದು ಹೋದದ್ದನ್ನು ಮಗು ಇಷ್ಟು ಬೇಗ ಹೇಗೆ ಬರೆಯಿತು ಎಂದು ಅವರು ಕೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಅವರು ಕೇಳಲಿಲ್ಲ. ಬೇರೆಯದನ್ನು ಕೇಳಿದರು.

“ಹಬ್ಬ ಬಂದರೆ ಏಳು ಸಲ ಗಂಟೆ ಬಾರಿಸುತ್ತಾರೆ ಅಂತ ಉಳಿದ ಮಕ್ಕಳು ಬರೆದಿದ್ದಾರಲ್ಲ. ನನಗೆ ಕೇಳಿಸಲಿಲ್ಲ?”

“ತಮಗಾಗಿಯೇ ಕಾದಿದ್ದೆ ಸಾರ್. ತಮ್ಮ ಕೈಯಿಂದಲೇ ಆಗಲಿ ಅಂತ.”

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎನ್ನುತ್ತಾರೆ. ನನಗೆ ಎರಡೇ ಸಾಕಾದವು. ಇನ್ಸ್‌ಪೆಕ್ಟರು ಮಗುವಿನಂತೆ ಖುಷಿಪಟ್ಟು ಹಗ್ಗ ಹಿಡಿದರು. ಏಳು ಸಲ ಬಾರಿಸಿದರು. ಮೂರನೆಯ ಸದ್ದಿಗೆ ನಾನು ಬಾಗಿಲ ಕಡೆ ನೋಡಿದೆ. ಚಿಕ್ಕತಾಯಿಯ ಜಾಗ ಖಾಲಿಯಾಗಿತ್ತು. ಚೀಲ, ಸ್ಲೇಟು ಅಲ್ಲೇ ಬಿದ್ದಿದ್ದವು.

ಜನ ಚೊಂಬು ಹಿಡಿದು ಬಂದರು. ಭದ್ರಯ್ಯನವರು ಮುಂದೆ ನಿಂತು, “ಯಾರ ಮನೆ ಮೇಷ್ಟ್ರೇ?” ಎಂದರು.

“ದೇವೀರಮ್ಮನ ಮನೆ” ಎಂದೆ.

ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಂತೂ ಬಂತಲ್ಲಪ್ಪ” ಅಂದಳು. ಇನ್ನೊಬ್ಬಾಕೆ, ಪಾಪ ಅವಳ ಮನೆಯಲ್ಲಿ ಏನಿರುತ್ತದೆ ಎಂದು ಹೇಳಿ ಮನೆಗೆ ಓಡಿ ಒಂದು ಅಚ್ಚು ಬೆಲ್ಲ ತಂದಳು. ಮತ್ತೊಬ್ಬರು ಕಾಯಿ ತಂದರು, ಮಾವಿನ ಸೊಪ್ಪು ತಂದರು. ಯಾವ ಹಬ್ಬಕ್ಕೂ ಆ ಊರು ಅಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿರಲಿಲ್ಲ. ಅವರು ಗೊಣಗಿಕೊಂಡು ಹೊರಟಿದ್ದರೆ ನನ್ನ ಪಾಪ ಇಷ್ಟು ಭಾರವಾಗುತ್ತಿರಲಿಲ್ಲ. ಇನ್ಸ್‌ಪೆಕ್ಟರಿಗೂ ಯಾರೋ ಒಂದು ಚೊಂಬು ಕೊಟ್ಟರು. ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿ ಒಂದೇ ಬೇಡಿಕೆ: ಹೇಗಾದರೂ ಆ ನೀರು ಬಿಸಿಯಾಗಿರಲಿ. ಇಷ್ಟು ವರ್ಷ ಬಾರದ್ದು ಇವತ್ತು ಬಂದರೆ ಯಾರ ಗಂಟು ಹೋಗುತ್ತದೆ?

ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ಉಳಿದ ದಿನ ಎಲ್ಲರೂ ಹಂಡೆಗೆ ಉರಿ ಹಾಕುವವರೇ. ಆದರೆ ಗಂಟೆಯಾದ ಮೇಲೆ ಆ ಮನೆಯ ಹಂಡೆಯ ಕೆಳಗೆ ಬೆಂಕಿ ಕಾಣಬಾರದು. ಕಂಡರೆ ಅದು ‘ಉರಿ ಹಾಕಿದ ಮನೆ’. ಆ ಮನೆಯ ನೀರನ್ನು ಯಾರೂ ಮುಟ್ಟುವುದಿಲ್ಲ, ಆ ಮನೆಯ ಮಾತಿಗೆ ಗಂಟೆ ಬಾರಿಸುವುದಿಲ್ಲ. ಹಬ್ಬ ನಿಜವಾಗಿ ಬಂದರೂ ಅದನ್ನು ಯಾರೂ ನಂಬುವುದಿಲ್ಲ. ಹಿಂದೆ ಅಂಥ ಹೆಸರು ಹೊತ್ತ ಒಂದು ಕುಟುಂಬ ಊರನ್ನೇ ಬಿಟ್ಟು ಹೋಗಿತ್ತಂತೆ.

ದೇವೀರಮ್ಮ ಜಗಲಿಯ ಮೇಲೆ ಕೂತು ಬೋಗುಣಿಯೊಂದಕ್ಕೆ ಬೆಸುಗೆ ಹಾಕುತ್ತಿದ್ದರು. ಮಾವಿನ ಸೊಪ್ಪು ಹಿಡಿದ ಜನ ತಮ್ಮ ಕಡೆಗೇ ಬರುತ್ತಿದ್ದುದನ್ನು ಕಂಡು ಎದ್ದು ನಿಂತು, ದಾರಿ ಬಿಡಲೆಂದು ಪಕ್ಕಕ್ಕೆ ಸರಿದರು. ಯಾರ ಮನೆಗೆ ಹೊರಟಿದ್ದಾರೆ ಎಂದು ನೋಡಲು ಹಿಂದಕ್ಕೂ ತಿರುಗಿದರು. ತಮ್ಮ ಮನೆಗೇ ಎಂದು ತಿಳಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಆಗ ಬಚ್ಚಲಿನ ಹೆಂಚಿನ ಸಂದಿನಿಂದ ಹೊಗೆ ಎದ್ದಿತು.

ಭದ್ರಯ್ಯನವರು ಒಳಗೆ ಹೋದರು, ಹಿಂದೆಯೇ ನಾನು. ಚಿಕ್ಕತಾಯಿ ಒಲೆಯ ಮುಂದೆ ಮೊಣಕಾಲೂರಿ ಕೂತು ಊದುತ್ತಿದ್ದಳು. ತೆಂಗಿನ ಗರಿ, ತಾಯಿಯ ಇದ್ದಿಲು, ಹಳೆಯ ಚಾಪೆಯ ಚೂರು, ಸಿಕ್ಕಿದ್ದನ್ನೆಲ್ಲ ತುರುಕಿದ್ದಳು. ಕಣ್ಣು ಕೆಂಪಾಗಿತ್ತು. ಊರೆಲ್ಲ ಬರುತ್ತಿದೆ, ನೀರು ತಣ್ಣಗಿದೆ, ಅವಳಿಗೆ ತಿಳಿದದ್ದು ಇದೊಂದೇ ದಾರಿ. ಭದ್ರಯ್ಯನವರು ಹಂಡೆಗೆ ಬೆರಳು ಅದ್ದಲಿಲ್ಲ. ಹೊರಗೆ ಬಂದು, “ಉರಿ ಹಾಕವ್ರೆ” ಎಂದರು.

ಯಾರ ಕೈಯಿಂದಲೋ ಬೆಲ್ಲದ ಅಚ್ಚು ಕೆಳಗೆ ಬಿತ್ತು. ದೇವೀರಮ್ಮ, “ಏನು? ಯಾರು?” ಎಂದು ಒಬ್ಬೊಬ್ಬರ ಮುಖ ನೋಡಿದರು. ಭದ್ರಯ್ಯನವರು ನನ್ನ ಕಡೆ ತಿರುಗಿದರು. “ಗಂಟೆಗೆ ಮಾತು ಕೊಟ್ಟೋರು ಯಾರು ಮೇಷ್ಟ್ರೇ? ಈ ಮಗು ಬಂದು ಹೇಳ್ತಾ?”

ಇನ್ಸ್‌ಪೆಕ್ಟರು ನನ್ನ ಪಕ್ಕದಲ್ಲೇ ಚೊಂಬು ಹಿಡಿದು ನಿಂತಿದ್ದರು. ಚಿಕ್ಕತಾಯಿ ಬಾಗಿಲಲ್ಲಿ ಬಂದು ನಿಂತಿದ್ದಳು, ಊದಿ ಊದಿ ತುಟಿಯೆಲ್ಲ ಬೂದಿ. ಅವಳು ನನ್ನನ್ನು ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಲ್ಲ ಅದು. ಮೇಷ್ಟ್ರು ಈಗ ಸರಿ ಮಾಡುತ್ತಾರೆ ಎಂದು ಕಾಯುವ ನೋಟ.

“ಮಗು ಬರೆದುಕೊಟ್ಟಿತ್ತು” ಎಂದೆ.

ಮಾತು ನಿಜ. ಅದಕ್ಕಿಂತ ಹೊಲಸು ಸುಳ್ಳನ್ನು ನಾನು ಬದುಕಿನಲ್ಲಿ ಇನ್ನೊಂದು ಆಡಿಲ್ಲ. ಚಿಕ್ಕತಾಯಿ ಇಲ್ಲ ಎನ್ನಲಿಲ್ಲ, ಅಳಲಿಲ್ಲ. ದೇವೀರಮ್ಮ ಮಗಳನ್ನೊಮ್ಮೆ ನೋಡಿ, ಜಗಲಿಯಿಂದ ಇಳಿದು, ಮಸಿ ಹಿಡಿದ ಎರಡೂ ಕೈ ಜೋಡಿಸಿದರು. “ಮಗು ಅದು, ಗೊತ್ತಾಗಿಲ್ಲ. ತಪ್ಪಾಯ್ತು. ನಿಮ್ ಕಾಲಿಗೆ ಬೀಳ್ತೀನಿ” ಎಂದು ಊರಿಗೆಲ್ಲ ಹೇಳಿದರು. ನನಗೂ ಕೈ ಮುಗಿದರು.

ಜನ ಖಾಲಿ ಚೊಂಬುಗಳನ್ನು ಹಿಡಿದು ಹಿಂದಿರುಗಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಇನ್ಸ್‌ಪೆಕ್ಟರು ದಾರಿಯಲ್ಲಿ, “ಮಕ್ಕಳು ಸುಳ್ಳು ಹೇಳುವುದು ಸಹಜ, ನೀವು ಮೋಸಹೋದಿರಿ, ಬೇಸರ ಮಾಡಿಕೊಳ್ಳಬೇಡಿ” ಎಂದು ನನ್ನ ಭುಜ ತಟ್ಟಿದರು. ನಾನು ಆ ಸಮಾಧಾನವನ್ನೂ ತೆಗೆದುಕೊಂಡೆ. ಎರಡು ತಿಂಗಳಿಗೆ ಮೆಚ್ಚುಗೆಯ ಪತ್ರ ಬಂತು, ಹಬ್ಬದ ಮೂಲಕ ಬರವಣಿಗೆ ಕಲಿಸಿದ್ದಕ್ಕೆ. ಅದನ್ನು ಬೀರುವಿನ ಹಿಂದಕ್ಕೆ ತೂರಿಸಿದೆ. ಹರಿದು ಹಾಕಲಿಲ್ಲ ಎಂಬುದನ್ನೂ ಹೇಳಬೇಕು.

ಜನ ದೇವೀರಮ್ಮನಿಗೆ ಹಂಡೆ ಕೊಡುವುದನ್ನು ನಿಲ್ಲಿಸಿದರು. ಸೋರುವ ಹಂಡೆಗಳನ್ನು ಗಾಡಿಯಲ್ಲಿ ಪಕ್ಕದ ಊರಿಗೆ ಒಯ್ಯತೊಡಗಿದರು. ಅವರ ಜಗಲಿಗೆ ಬರುತ್ತಿದ್ದದ್ದು ಬಕೆಟ್ಟು, ಸೌಟು ಅಷ್ಟೇ. ಯಾರಾದರೂ ಬಂದು ಕೂತರೂ ಬಾಯಾರಿಕೆ ಎಂದು ಕೇಳುತ್ತಿರಲಿಲ್ಲ. ಬೇರೆ ಮನೆಗೆ ಹಬ್ಬ ಬಂದಾಗ ತಾಯಿ ಮಗಳು ಚೊಂಬು ಹಿಡಿದು ಬರುವುದೂ ನಿಂತಿತು.

ಚಿಕ್ಕತಾಯಿ ಶಾಲೆ ಬಿಡಲಿಲ್ಲ. ಮರುದಿನವೇ ಬಂದು ಬಾಗಿಲ ಪಕ್ಕ ಕೂತಳು. ಆದರೆ ಹಬ್ಬದ ಪುಸ್ತಕ ಮುಟ್ಟಲಿಲ್ಲ. ಯಾವ ವಿಷಯ ಕೊಟ್ಟರೂ ಅವಳ ಹಾಳೆಯಲ್ಲಿ ಒಂದೇ ಬರಹ, ‘ಹಸು ಸಾಧು ಪ್ರಾಣಿ. ಅದಕ್ಕೆ ನಾಲ್ಕು ಕಾಲು.’ ಅಕ್ಷರ ದುಂಡಗೆ, ಒಂದೂ ತಪ್ಪಿಲ್ಲ. ನಾನು ಕೆಳಗೆ ‘ಸರಿ’ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದೆ. ಕರೆದು ಮಾತಾಡಿಸಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ದಿನಾ ಒಂದಲ್ಲ ಒಂದು ನೆಪ ಸಿಗುತ್ತಿತ್ತು. ಹೀಗೆ ಎಂಟು ತಿಂಗಳು ಕಳೆದವು.

ಒಂದು ಬೆಳಿಗ್ಗೆ ಎದ್ದು ಅಭ್ಯಾಸದಂತೆ ಹಂಡೆಗೆ ಕೈ ಹಾಕಿದೆ. ಬಿಸಿಯಿತ್ತು.

ಮೊದಲು ನಂಬಲಿಲ್ಲ. ಒಲೆಯ ಬೂದಿ ಕೆದಕಿದೆ, ತಣ್ಣಗಿತ್ತು. ಮತ್ತೆ ಕೈ ಹಾಕಿದೆ. ಮೊಣಕೈವರೆಗೆ ಅದ್ದಿ ನಿಂತೆ. ಹನ್ನೊಂದು ವರ್ಷ ಕಾದ ಬಿಸಿ ಅದು. ಅಮ್ಮ ಕೈ ತೆಗೆಯಲೇ ಇಲ್ಲ ಎಂದು ಆ ಮಗು ಬರೆದದ್ದು ಎಷ್ಟು ಸರಿಯಿತ್ತು. ಒಂದು ಸಲವೂ ಕಾಣದೆ ಅವಳಿಗೆ ಅದು ಹೇಗೆ ತಿಳಿಯಿತು? ಹಾಗೆ ನಿಂತಿದ್ದಾಗ ಭಯ ಶುರುವಾಯಿತು. ಈಗ ಗಂಟೆ ಬಾರಿಸಬೇಕು. ಯಾರ ಮನೆ ಎಂದು ಕೇಳುತ್ತಾರೆ, ನನ್ನದು ಎನ್ನಬೇಕು. ಊರೆಲ್ಲ ಸಂತೋಷದಿಂದ ಬಂದು ನನ್ನ ಕೈಯಿಂದ ನೀರು ಹಿಡಿಯುತ್ತದೆ. ಆ ತಾಯಿ ಮಗಳು ಜಗಲಿಯಲ್ಲಿ ಕೂತು ಸದ್ದು ಎಣಿಸುತ್ತಾರೆ. ನನ್ನಿಂದ ಆಗಲಿಲ್ಲ. ಒಂದೊಂದೇ ಚೊಂಬು ಮೊಗೆದು ಇಡೀ ಹಂಡೆಯನ್ನು ಚರಂಡಿಗೆ ಚೆಲ್ಲಿದೆ. ಆಮೇಲೆ ಬಾವಿಯಿಂದ ತಣ್ಣೀರು ತಂದು ತುಂಬಿ, ಏನೂ ಆಗಿಲ್ಲವೆಂಬಂತೆ ಉರಿ ಹಾಕಿದೆ. ಬಂದ ಹಬ್ಬವನ್ನು ಚರಂಡಿಗೆ ಸುರಿದವನು ಆ ಊರಿನ ಚರಿತ್ರೆಯಲ್ಲೇ ನಾನೊಬ್ಬ ಇರಬೇಕು.

ಶಾಲೆಯ ಬಾಗಿಲು ತೆರೆದಾಗ ಚಿಕ್ಕತಾಯಿ ಆಗಲೇ ಬಂದು ಕೂತಿದ್ದಳು. ಅವಳ ಪಾದಗಳು ಒದ್ದೆಯಾಗಿದ್ದವು. ಕಂಡರೂ ನನಗೆ ಅರ್ಥವಾಗಲಿಲ್ಲ. ಆ ದಿನ ಮಕ್ಕಳಿಗೆ ಏನು ಬೇಕೋ ಅದನ್ನು ಬರೆಯಿರಿ ಎಂದೆ. ಪಾಠ ಮಾಡುವ ತ್ರಾಣ ಇರಲಿಲ್ಲ. ಸಂಜೆ ಹಾಳೆಗಳನ್ನು ತಿದ್ದುತ್ತ ಕೂತೆ. ಚಿಕ್ಕತಾಯಿಯ ಹಾಳೆಗೆ ಓದದೆಯೇ ‘ಸರಿ’ ಎಂದು ಹಾಕಲು ಹೋದವನು ನಿಂತೆ. ಅದರಲ್ಲಿ ಹಸು ಇರಲಿಲ್ಲ.

‘ಇವತ್ತು ಶಾಲೆಯ ಹಿಂದಿನ ಚರಂಡಿಯಲ್ಲಿ ಬಿಸಿನೀರು ಬಂತು. ನಾನು ಕಾಲು ಇಟ್ಟೆ. ಹಬ್ಬದ ನೀರು ಹಾಗೇ ಇರುತ್ತದೆ. ಮೇಷ್ಟ್ರು ಒಬ್ಬರೇ ಚೆಲ್ಲುತ್ತಿದ್ದರು. ಅಳುತ್ತಿದ್ದರು. ನಾನು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಜನ ಚೊಂಬು ಹಿಡಿದು ಬರುತ್ತಾರೆ. ನೀರು ಇರುವುದಿಲ್ಲ. ಮೇಷ್ಟ್ರಿಗೆ ನಾಚಿಕೆ ಆಗುತ್ತದೆ.’

ಅಂದು ಅವಳನ್ನು ಊರ ಮುಂದೆ ನಿಲ್ಲಿಸಿ ನಾನು ಬಾಯಿ ಮುಚ್ಚಿಕೊಂಡಿದ್ದೆ. ಇಂದು ನನ್ನನ್ನು ಉಳಿಸಲು ಅವಳು ಬಾಯಿ ಮುಚ್ಚಿಕೊಳ್ಳುತ್ತಾಳಂತೆ. ಎಂಟು ವರ್ಷ, ಈಗ ಒಂಬತ್ತಾಗಿರಬೇಕು. ಹಾಳೆಯನ್ನು ಮಡಿಸಿ ಎದೆಯ ಜೇಬಿನಲ್ಲಿಟ್ಟುಕೊಂಡು, ಎದ್ದು ಹೋಗಿ ಗಂಟೆಯ ಹಗ್ಗ ಹಿಡಿದೆ. ಏಳು ಸಲ ಬಾರಿಸಿದೆ.

ಸಂಜೆ ಹೊತ್ತಿಗೆ ಗಂಟೆ ಎಂದೂ ಆಗಿರಲಿಲ್ಲ. ಜನ ಗಾಬರಿಯಿಂದ, ಆದರೂ ಚೊಂಬು ಮರೆಯದೆ ಬಂದರು. ಭದ್ರಯ್ಯನವರು ಏದುಸಿರು ಬಿಡುತ್ತ, “ಯಾರ ಮನೆ ಮೇಷ್ಟ್ರೇ, ಈ ಹೊತ್ನಲ್ಲಿ?” ಎಂದರು.

“ನನ್ನದು. ಬೆಳಿಗ್ಗೆ ಬಂದಿತ್ತು. ಚೆಲ್ಲಿಬಿಟ್ಟೆ” ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಆಣೆ ಹಾಕಿದ್ದು, ಓದಿದ್ದು, ಇನ್ಸ್‌ಪೆಕ್ಟರಿಗೆ ಹೇಳಿದ ಎರಡು ಸುಳ್ಳು, ಜಗಲಿಯ ಮುಂದೆ ಆಡಿದ ಆ ನಿಜ. “ಮಗು ಯಾರಿಗೂ ಮಾತು ಕೊಟ್ಟಿರಲಿಲ್ಲ. ಆಸೆಯನ್ನ ಬರೆದಿತ್ತು. ಓದಬೇಡಿ ಅಂದಿತ್ತು. ಅಲ್ಲಿ ಉರಿ ಹಾಕಿದವನು ನಾನು” ಎಂದೆ. ಮುಖ ಎತ್ತಿ ಹೇಳಬೇಕೆಂದಿದ್ದೆ, ಆಗಲಿಲ್ಲ. ನೆಲ ನೋಡಿಕೊಂಡೇ ಹೇಳಿದೆ.

“ಮೇಷ್ಟ್ರೇ,” ಎಂದರು ಭದ್ರಯ್ಯನವರು, “ನಿಮ್ಗೆ ಏನನ್ಬೇಕೋ ನಂಗೆ ತಿಳೀತಿಲ್ಲ.” ಅಷ್ಟೇ ಅಂದು ಹೊರಟರು. ಜನ ಅವರ ಹಿಂದೆ ನಡೆದರು. ಮನೆಗಳಿಗೆ ಹೋಗುತ್ತಾರೆ ಎಂದುಕೊಂಡೆ. ಆದರೆ ಅವರು ಎಡಕ್ಕೆ ತಿರುಗಿದರು, ದೇವೀರಮ್ಮನ ಬೀದಿಗೆ.

ನಾನು ದೂರದಿಂದ ಹಿಂಬಾಲಿಸಿದೆ. ಭದ್ರಯ್ಯನವರು ಜಗಲಿಯ ಮುಂದೆ ನಿಂತು, ತಮ್ಮ ಚೊಂಬನ್ನು ಎರಡೂ ಕೈಯಿಂದ ಮುಂದೆ ಚಾಚಿದರು. “ದೇವೀರವ್ವ, ನಿಮ್ಮನೆ ಹಂಡೆಯಿಂದ ಒಂದ್ ಚೊಂಬು ನೀರು ಕೊಡವ್ವ” ಎಂದರು.

“ಬಿಸಿ ಆಗಿಲ್ಲ ಅಯ್ಯಾ. ತಣ್ಣೀರು” ಎಂದರು ದೇವೀರಮ್ಮ, ಹೆದರಿಕೊಂಡು.

“ತಣ್ಣೀರೇ ಕೊಡು.”

ದೇವೀರಮ್ಮ ಒಳಗೆ ಹೋಗಿ ತಪ್ಪಲೆಯಲ್ಲಿ ನೀರು ತಂದು ಹೊಯ್ದರು. ಭದ್ರಯ್ಯನವರು ಅಲ್ಲೇ ನಿಂತು ಅರ್ಧ ಕುಡಿದು, ಅರ್ಧ ತಮ್ಮ ತಲೆಗೆ ಹೊಯ್ದುಕೊಂಡರು. ಅವರ ಹಿಂದೆ ಸಾಲು ಕಟ್ಟಿತು. ಚಿಕ್ಕತಾಯಿ ಒಳಗಿಂದ ಹೊತ್ತು ತಂದಳು, ದೇವೀರಮ್ಮ ಹೊಯ್ದರು, ಹೊಯ್ಯುತ್ತ ಹೊಯ್ಯುತ್ತ ಅತ್ತರು. ಅರ್ಧ ಸಾಲು ಮುಗಿಯುವಷ್ಟರಲ್ಲಿ ಅವರ ಕೈ ಸೋತಿತು. ಕುಸಿದು ಜಗಲಿಯ ಮೇಲೆ ಕೂತರು. ಚಿಕ್ಕತಾಯಿ ತಾನೇ ನಿಂತು ಹೊಯ್ಯತೊಡಗಿದಳು.

ಸಾಲಿನ ಕೊನೆಯಲ್ಲಿ ನಾನು ನಿಂತೆ. ಅವಸರದಲ್ಲಿ ಚೊಂಬು ತಂದಿರಲಿಲ್ಲ. ನನ್ನ ಸರದಿ ಬಂದಾಗ ಬೊಗಸೆ ಒಡ್ಡಿದೆ. ಚಿಕ್ಕತಾಯಿ ತಪ್ಪಲೆ ಹಿಡಿದು ನಿಂತವಳು ಹೊಯ್ಯಲಿಲ್ಲ. ಬೇರೆಯವರಿಗೆ ಕೇಳಿಸದ ಹಾಗೆ, ಮೆಲ್ಲಗೆ ಕೇಳಿದಳು:

“ನನ್ ಹಾಳೆ ಎಲ್ರಿಗೂ ಓದ್ಬಿಟ್ರಾ ಮೇಷ್ಟ್ರೇ?”

“ಇಲ್ಲವ್ವ. ನಿಂದು ಓದಲಿಲ್ಲ. ಜೇಬಲ್ಲಿದೆ. ನಂದನ್ನ ನಾನೇ ಹೇಳ್ದೆ.”

ಅವಳು ನನ್ನ ಜೇಬನ್ನು ನೋಡಿದಳು. ಆಮೇಲೆ ನನ್ನ ಮುಖವನ್ನು ನೋಡಿದಳು, ನಾನು ಮಕ್ಕಳ ಲೆಕ್ಕಗಳನ್ನು ತಿದ್ದುವಾಗ ನೋಡುವ ಹಾಗೆ, ಮೇಲಿಂದ ಕೆಳಕ್ಕೆ, ತಪ್ಪು ಎಲ್ಲಾದರೂ ಉಳಿದಿದೆಯೇ ಎಂದು. ನಾನು ಬೊಗಸೆ ಒಡ್ಡಿಕೊಂಡೇ ನಿಂತಿದ್ದೆ. ಬಹಳ ಹೊತ್ತಾದ ಮೇಲೆ ಅವಳು ತಪ್ಪಲೆಯನ್ನು ಬಗ್ಗಿಸಿದಳು. ನೀರು ತಣ್ಣಗಿತ್ತು.